ನೆಲ ಮುಟ್ಟದ ಬಂಡಿ

ನಮ್ಮ ಊರಿನ ತೇಲುಬಂಡಿ ಎಡಕ್ಕೆ ವಾಲಿದೆ ಎಂಬ ಮಾತನ್ನು ಊರಿನವರು ಯಾರೂ ಎತ್ತುತ್ತಿರಲಿಲ್ಲ. ಆರು ವರ್ಷ ಅದರಲ್ಲೇ ಓಡಾಡಿದ ಮೇಲೆ ಅದರಲ್ಲಿ ಮಾತಾಡುವಂಥದ್ದು ಏನೂ ಉಳಿದಿರಲಿಲ್ಲ. ಬಂಡಿ ಹತ್ತುತ್ತಿದ್ದಂತೆ ಎಲ್ಲರ ಮೈ ತಾನಾಗಿ ಬಲಕ್ಕೆ ಬಾಗುತ್ತಿತ್ತು. ನಿಲ್ದಾಣದ ಹೋಟೆಲಿನವನು ಬಂಡಿಗೆ ಒಯ್ಯುವ ಕಾಫಿಯನ್ನು ಅರ್ಧ ಲೋಟಕ್ಕಿಂತ ಮೇಲೆ ತುಂಬಿಸುತ್ತಿರಲಿಲ್ಲ. ಹೂ ಮಾರುವವರು ಬುಟ್ಟಿಯ ಒಂದೇ ಬದಿಗೆ ಬಟ್ಟೆಯ ಸಿಂಬಿ ಕಟ್ಟಿಕೊಂಡು ಬರುತ್ತಿದ್ದರು. ಬಲಬದಿಯ ಸೀಟಿನಲ್ಲಿ ಕೂರುವವರು ಮೇಲಿನವರು, ಎಡಬದಿಯವರು ಕೆಳಗಿನವರು. ಮೇಲಿನವರ ಚೀಲ, ಮೇಲಿನವರ ನಿಂಬೆಹಣ್ಣು, ಒಮ್ಮೊಮ್ಮೆ ಸ್ವತಃ ಮೇಲಿನವರೇ ಜಾರಿ ಬಂದು ಕೆಳಗಿನವರ ಮಡಿಲು ಸೇರುತ್ತಿದ್ದರು. ಹೆಣ್ಣು ನೋಡಲು ಬಂದವರು ಓದು, ಅಡುಗೆ, ಹಾಡು ಎಲ್ಲ ವಿಚಾರಿಸಿ, ಕೊನೆಗೆ ಮೆಲ್ಲಗೆ, "ಹುಡುಗಿ ಬಂಡೀಲಿ ಯಾವ ಕಡೆ ಕೂರ್ತಾಳೆ?" ಎಂದು ಕೇಳುತ್ತಿದ್ದರು.

ನನ್ನ ಹೆಸರು ಗುರುಶಾಂತ. ಬಂಡಿಗೆ ತಂಪು ಹೊಯ್ಯುವ ಕೆಲಸ ನನ್ನದು. ಬಂಡಿಯ ಹೊಟ್ಟೆಯಡಿ ಸಾಲಾಗಿ ಕಪ್ಪು ಬಿಲ್ಲೆಗಳಿವೆ, ದಾರಿಯುದ್ದಕ್ಕೂ ಅಯಸ್ಕಾಂತ ಹಾಸಿದ್ದಾರೆ. ಬಿಲ್ಲೆಗಳ ತೊಟ್ಟಿಗೆ ಬಿಳಿ ಹೊಗೆಯಾಡುವ ದ್ರವ ಸಾರಜನಕ ಹೊಯ್ದರೆ ಬಂಡಿ ನೆಲದ ಹಂಗು ಬಿಟ್ಟು ನಿಂತುಬಿಡುತ್ತದೆ. ಅದನ್ನೇ ನಾವು ತಂಪು ಎನ್ನುತ್ತೇವೆ. ನಾಲ್ಕು ಗಂಟೆಗೊಮ್ಮೆ ಹೊಯ್ಯುತ್ತಿರಬೇಕು. ಬಂಡಿಯನ್ನು ಮುಂದಕ್ಕೆ ಒಯ್ಯುವ ಯಂತ್ರದ ಕಡತ ರಾಜಧಾನಿಯಲ್ಲಿ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿರುವುದರಿಂದ, ಎರಡು ತುದಿಯಲ್ಲೂ ಇಬ್ಬಿಬ್ಬರು ನೂಕುವವರನ್ನು ನೇಮಿಸಿದ್ದಾರೆ. ತಡೆಯುವುದು ಏನೂ ಇಲ್ಲವಲ್ಲ, ಒಮ್ಮೆ ನೂಕಿದರೆ ನಲವತ್ತು ಜನರನ್ನು ಹೊತ್ತ ಬಂಡಿ ಪೇಟೆಯಿಂದ ಹೊಳೆಯಾಚೆಯ ದೊಡ್ಡಾಸ್ಪತ್ರೆಯವರೆಗೆ ಸದ್ದಿಲ್ಲದೆ ಹೋಗುತ್ತದೆ. ಆ ತುದಿಯಲ್ಲಿ ಇಬ್ಬರು ಹಿಡಿದು ನಿಲ್ಲಿಸುತ್ತಾರೆ. ಹೊಳೆಗೆ ಮೊದಲು ಸೇತುವೆ ಇತ್ತು. ಬಂಡಿಯ ಕಂಬಗಳಿಗೆ ಅದೇ ಜಾಗ ಬೇಕಾಯಿತೆಂದು ಕೆಡವಿದರು.

ಬಂಡಿ ವಾಲಿದ್ದು ಯಾಕೆ ಎಂದು, ಮ್ಯಾನೇಜರನ್ನು ಬಿಟ್ಟರೆ, ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಆ ಬಿಲ್ಲೆಗಳಿಗೊಂದು ಗುಣವಿದೆ. ತಣ್ಣಗಾಗುವ ಹೊತ್ತಿಗೆ ಬಂಡಿ ಯಾವ ಭಂಗಿಯಲ್ಲಿತ್ತೋ ಅದನ್ನೇ ಹಿಡಿದುಕೊಂಡುಬಿಡುತ್ತವೆ, ಆಮೇಲೆ ಎಷ್ಟು ಎಳೆದರೂ ಬಿಡುವುದಿಲ್ಲ. ಉದ್ಘಾಟನೆಯ ದಿನ ಬಂಡಿಯನ್ನು ಮರದ ದಿಮ್ಮಿಗಳ ಮೇಲೆ ನೆಟ್ಟಗೆ ಕೂರಿಸಿದ್ದರು. ಮಂತ್ರಿಗಳು ಒಳಗೆ ಹತ್ತಿದರು. ಫೋಟೋದವನು ಎಡಗಡೆ ನಿಂತಿದ್ದ. ಮಂತ್ರಿಗಳ ಹಿಂದೆ ಹತ್ತಿದ ಅರವತ್ತು ಎಪ್ಪತ್ತು ಮಂದಿ ಎಲ್ಲರೂ ಎಡಗಡೆಯ ಕಿಟಕಿಗೇ ಮುಖ ತೂರಿಸಿದರು. ಹೊಸ ಮಣ್ಣು, ಹಿಂದಿನ ದಿನ ಮಳೆ ಬಂದಿತ್ತು. ಎಡಗಡೆಯ ದಿಮ್ಮಿಗಳು ಮುಕ್ಕಾಲು ಮೊಳ ಹೂತುಹೋದವು. ಅಷ್ಟರಲ್ಲಿ ಸೀಟಿ ಊದಿದರು. ಸೀಟಿ ಊದಿದರೆ ಹೊಯ್ಯಬೇಕು ಎಂದು ನನಗೆ ಹೇಳಿದ್ದರು, ಹೊಯ್ದೆ. ಬಂಡಿಯ ಜೊತೆ ಬಂದಿದ್ದ ಫಿಟ್ಟರ್ ತಲೆ ಚಚ್ಚಿಕೊಂಡ. "ಅರ್ಧ ದಿನ ಬೆಚ್ಚಗಾಗೋಕೆ ಬಿಟ್ಟು, ಸಮ ಮಾಡಿ, ಇನ್ನೊಂದ್ಸಲ ತಂಪು ಹೊಯ್ದರೆ ಸರಿಹೋಗ್ತದೆ ಕಣಯ್ಯಾ," ಎಂದು ನನಗೆ ಹೇಳಿ, ಅದನ್ನೇ ಮ್ಯಾನೇಜರಿಗೂ ಹೇಳಿ, ಮರುದಿನ ಊರು ಬಿಟ್ಟ.

ಮ್ಯಾನೇಜರ್ ರುದ್ರಮುನಿಯವರು ಕೇಳುವವರಲ್ಲ. ಬೆಚ್ಚಗಾದರೆ ಬಂಡಿ ನೆಲಕ್ಕೆ ಇಳಿಯುತ್ತದೆ. ನೆಲಕ್ಕೆ ಇಳಿಯಬಾರದು ಎಂಬುದು ತೇಲುಬಂಡಿ ಮಂಡಳಿಯ ಮೊದಲ ನಿಯಮ. ನಿಲ್ದಾಣದ ಹೆಬ್ಬಾಗಿಲಿನಲ್ಲಿ ಕಪ್ಪು ಹಲಗೆಯೊಂದನ್ನು ತೂಗುಹಾಕಿದ್ದರು: 'ನೆಲ ಮುಟ್ಟದೆ ಇಂದಿಗೆ ಇಷ್ಟು ದಿನ'. ದಿನಾ ಬೆಳಿಗ್ಗೆ ರುದ್ರಮುನಿಯವರು ಸ್ನಾನ ಮಾಡಿ ಬಂದು, ಒದ್ದೆ ಬಟ್ಟೆಯಿಂದ ಹಳೆಯ ಅಂಕಿ ಒರೆಸಿ, ಸೀಮೆಸುಣ್ಣದಲ್ಲಿ ಹೊಸದನ್ನು ತಾವೇ ಬರೆಯುತ್ತಿದ್ದರು. ಎರಡೂವರೆ ಸಾವಿರ ಮುಟ್ಟಿದರೆ ರಾಜಧಾನಿಯಲ್ಲಿ ಪದಕ. ನಾನು ಹೇಳುತ್ತಿರುವ ಕಥೆಯ ಹೊತ್ತಿಗೆ ಅದು ಎರಡು ಸಾವಿರದ ನೂರ ಎಂಟಾಗಿತ್ತು.

ಇನ್ನು ನನ್ನ ತಂಗಿಯ ವಿಷಯ. ಚಂಪಾವತಿಗೆ ಮೂರನೆಯ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಾಲು ಸೋತವು. ಈಗ ಅವಳಿಗೆ ಮೂವತ್ತನಾಲ್ಕು. ಚಕ್ರದ ಕುರ್ಚಿಯಲ್ಲಿ ಕೂತು ಅಡುಗೆ ಮಾಡುತ್ತಾಳೆ, ಓಣಿಯ ಜಗಳ ಬಿಡಿಸುತ್ತಾಳೆ, ಔಷಧಿ ಕೊಡುವ ಪರೀಕ್ಷೆಗೆ ಮನೆಯಲ್ಲೇ ಓದಿ ಜಿಲ್ಲೆಗೇ ಎರಡನೆಯವಳಾಗಿ ಪಾಸಾಗಿದ್ದಳು. ದೊಡ್ಡಾಸ್ಪತ್ರೆಯ ಔಷಧಿ ಕಿಟಕಿಗೆ ಅವಳನ್ನು ನೇಮಿಸಿ ಆರ್ಡರು ಬಂತು. ಹತ್ತನೇ ತಾರೀಖು ಸೋಮವಾರ ಬೆಳಿಗ್ಗೆ ಹತ್ತರೊಳಗೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ.

"ನಾನು ಹೊತ್ಕೊಂಡು ಹೋಗ್ತೀನಿ. ಬಂಡೀಲಿ ಕೂರಿಸಿ, ಆ ಕಡೆ ಇಳಿಸಿ ಬರ್ತೀನಿ," ಎಂದೆ.

"ಕುರ್ಚಿ?"

"ಅಲ್ಲಿ ಬೇರೆ ಕುರ್ಚಿ ಇರುತ್ತೆ."

"ಮೂಟೆ ಥರ ಹೊತ್ಕೊಂಡು ಹೋಗಿ ಅಲ್ಲಿ ಇಳಿಸ್ತೀಯ. ಸಂಜೆ ಬಂದು ಮತ್ತೆ ಎತ್ಕೊಂಡು ಬರ್ತೀಯ. ನಡುವೆ ಬಚ್ಚಲಿಗೆ ಹೋಗಬೇಕಾದರೆ ಅಲ್ಲಿರೋ ಜವಾನನ್ನ ಕರೀಬೇಕಾ ನಾನು?" ಎಂದಳು. ಆಮೇಲೆ, "ಅಣ್ಣ, ನನ್ನ ಕುರ್ಚೀಲೇ ಹೋಗ್ತೀನಿ. ಇಲ್ಲಾಂದ್ರೆ ಕೆಲಸ ಬೇಡ," ಎಂದಳು. ಅವಳು ಬೇಡ ಎಂದರೆ ಬೇಡ. ಆದರೆ ಆರ್ಡರಿನ ಕಾಗದವನ್ನು ಅವಳು ದಿನಕ್ಕೆ ಮೂರು ಸಲ ತೆಗೆದು ಓದುವುದನ್ನು ನಾನು ನೋಡಿದ್ದೆ.

ಅರ್ಜಿ ಬರೆದೆವು. ಎರಡೇ ದಿನದಲ್ಲಿ ಉತ್ತರ ಬಂತು. ಬೇಡವೆನ್ನುವ ಉತ್ತರಗಳು ನಮ್ಮ ಮಂಡಳಿಯಿಂದ ಬೇಗ ಬರುತ್ತವೆ. 'ತೇಲುಬಂಡಿಯು ಚಕ್ರರಹಿತ ವಾಹನವಾಗಿರುವುದರಿಂದ ಅದರೊಳಗೆ ಚಕ್ರಸಹಿತವಾದ ಯಾವುದೇ ವಸ್ತುವನ್ನು ತರುವುದು ಅದರ ಘನತೆಗೆ ಕುಂದು. ಅರ್ಜಿದಾರರು ಚಕ್ರಗಳನ್ನು ಕಳಚಿಟ್ಟು ಪ್ರಯಾಣಿಸಬಹುದು.' ಚಂಪಾ ಅದನ್ನು ಓದಿ ನಕ್ಕಳು. ನನಗೆ ನಗು ಬರಲಿಲ್ಲ.

ನೋಡೇಬಿಡೋಣ ಎಂದು ಶುಕ್ರವಾರ ಮ್ಯಾನೇಜರು ಊಟಕ್ಕೆ ಹೋದ ಹೊತ್ತಿನಲ್ಲಿ ಅವಳನ್ನು ಕುರ್ಚಿಯ ಸಮೇತ ಬಂಡಿಗೆ ಹತ್ತಿಸಿದೆವು. ಬ್ರೇಕು ಹಾಕಿದ್ದಳು. ನೂಕುವವರು ನೂಕಿದರು. ಹತ್ತು ಮಾರು ಹೋಗಿತ್ತೋ ಇಲ್ಲವೋ, ಬ್ರೇಕು ಜಾರಿತು. ಕುರ್ಚಿ ಬಲಗಡೆಯಿಂದ ಎಡಕ್ಕೆ ಇಳಿಜಾರಿನಲ್ಲಿ ಓಡಿ, ಕೆಳಗಿನವರ ನಾಲ್ಕು ಮಂಡಿಗಳನ್ನು ಸವರಿಕೊಂಡು ಹೋಗಿ ಬಾಗಿಲ ಕಂಬಕ್ಕೆ ಅಪ್ಪಳಿಸಿತು. ನೂಕುವವರು ಓಡಿಬಂದು ಬಂಡಿಯನ್ನು ಹಿಡಿದು ನಿಲ್ಲಿಸಿದರು. ಅವಳ ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿಕೊಂಡಿತು. ಸುದ್ದಿ ಕೇಳಿ ಕೈ ತೊಳೆಯದೆ ಓಡಿಬಂದ ರುದ್ರಮುನಿಯವರು ಮೊದಲು ನೋಡಿದ್ದು ಬಾಗಿಲ ಕಂಬದ ಬಣ್ಣವನ್ನು. "ನೋಡಮ್ಮಾ," ಎಂದರು, ತೀರಾ ಕೆಟ್ಟ ದನಿಯಲ್ಲೇನಲ್ಲ, "ನಿಯಮ ಅನ್ನೋದು ನಿಮ್ಮ ಒಳ್ಳೇದಕ್ಕೇ ಇರೋದು."

"ಬಂಡಿ ವಾಲಿರೋದೂ ನಮ್ಮ ಒಳ್ಳೇದಕ್ಕೇನಾ ಸಾರ್?" ಎಂದಳು ಚಂಪಾ.

"ವಾಲಿಲ್ಲಮ್ಮ. ಅದು ಬಂಡಿಯ ಸ್ವಭಾವ."

ಮನೆಗೆ ಬಂದು ಅವಳು ಕೈಗೆ ಅರಿಶಿನ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಅಳಲಿಲ್ಲ. ಸಂಜೆ ಆರ್ಡರಿನ ಕಾಗದವನ್ನು ಮಡಿಸಿ ಅಕ್ಕಿ ಡಬ್ಬದ ಅಡಿಗೆ ಹಾಕಿದಳು. ಆರು ವರ್ಷದಿಂದ ದಿನಕ್ಕೆ ಆರು ಸಲ ಆ ವಾಲುವಿಕೆಗೆ ನೀರೆರೆದು ಕಾಪಾಡಿದವನು ನಾನೇ ಅಲ್ಲವೇ?

ಶನಿವಾರ ಮೇಸ್ತ್ರಿ ದಸ್ತಗೀರ್ ಸಾಬರ ಮನೆಗೆ ಹೋದೆ. ಕುಸಿದ ಮನೆಗಳನ್ನು ಜಾಕಿ ಕೊಟ್ಟು ಎತ್ತಿ ನೆಟ್ಟಗೆ ಮಾಡುವುದರಲ್ಲಿ ಅವರು ಹೆಸರುವಾಸಿ. ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಅದು ಸಮ ಆಗುತ್ತೆ ಅಂತ ನಿಂಗೆ ಆವತ್ತೇ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು ಸಾಬರೇ."

"ಆರು ವರ್ಷದಿಂದ ಕಣ್ಮುಚ್ಕೊಂಡು ಹತ್ತತಾ ಇದೀನಿ ಕಣಪ್ಪಾ ಆ ಬಂಡೀನ. ಗೋಡೆ ಕಟ್ಟೋನ ಕಣ್ಣು ಇದು. ಒಂದು ನೂಲು ಸೊಟ್ಟ ಇದ್ದರೂ ರಾತ್ರಿ ನಿದ್ದೆ ಬರಲ್ಲ ನಂಗೆ. ಅಂಥಾದ್ದರಲ್ಲಿ ಮುಕ್ಕಾಲು ಮೊಳ!" ಎಂದು ಎದ್ದು ಒಳಗೆ ಹೋಗಿ ಜಾಕಿಗಳಿಗೆ ಎಣ್ಣೆ ಹಾಕತೊಡಗಿದರು.

ಭಾನುವಾರ ಮಧ್ಯಾಹ್ನದ ಮೇಲೆ ಬಂಡಿಗೆ ಬಿಡುವು. ನೂಕುವವರು ಮನೆಗೆ ಹೋಗುತ್ತಾರೆ, ಮ್ಯಾನೇಜರು ಮಲಗುತ್ತಾರೆ, ನಿಲ್ದಾಣದ ಗೇಟಿನ ಬೀಗದ ಕೈ ತಂಪು ಹೊಯ್ಯುವವನ ಬಳಿ ಇರುತ್ತದೆ. ಅವತ್ತು ಬೆಳಿಗ್ಗೆ ಎಂಟಕ್ಕೆ ಹೊಯ್ದಿದ್ದೆ. ಹನ್ನೆರಡಕ್ಕೆ ಹೊಯ್ಯಬೇಕಾದ ಡಬ್ಬಿಯನ್ನು ತುಂಬಿಸಿ ಪಕ್ಕದಲ್ಲಿಟ್ಟು, ಕೈ ಕಟ್ಟಿ ಕೂತೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಒಂದೂವರೆಗೆ ತೊಟ್ಟಿಯ ಹೊಗೆ ತೆಳುವಾಯಿತು. ಎರಡಕ್ಕೆ ಬಿಲ್ಲೆಗಳ ಮೇಲಿನ ಬಿಳಿ ಮಂಜು ಕರಗಿ ತೊಟ್ಟಿಕ್ಕತೊಡಗಿತು. ಎರಡೂಕಾಲಿಗೆ ಬಂಡಿ ಒಂದು ಸಲ ಮೈ ನಡುಗಿಸಿ, ಎಡಗಾಲು ಮೊದಲಿಟ್ಟು ಇಳಿಯುವ ಮುದುಕಿಯಂತೆ ನಿಧಾನವಾಗಿ ಕಲ್ಲುಹಾಸಿನ ಮೇಲೆ ಕೂತಿತು. ಉದ್ದನೆಯ ಒಂದು ಉಸಿರಿನಂಥ ಸದ್ದು ಬಂತು, ಅಷ್ಟೇ. ನನಗೆ ತಿಳಿಯದೆಯೇ ಎದ್ದು ನಿಂತು ಕೈ ಮುಗಿದಿದ್ದೆ.

ದಸ್ತಗೀರ್ ಸಾಬರು ನಾಲ್ಕು ಜಾಕಿ ಕೊಟ್ಟರು. ಚಂಪಾಳನ್ನು ಕುರ್ಚಿಯ ಸಮೇತ ಒಳಗೆ ಕೂರಿಸಿ ಅವಳ ಮುಂದೆ ರಸಮಟ್ಟ ಇಟ್ಟೆವು. ಆ ಗಾಜಿನ ಕೊಳವೆಯ ಗುಳ್ಳೆ ನಡುವಿಗೆ ಬಂದರೆ ಸಮ. ಸಾಬರು ಕೆಳಗಿನಿಂದ, "ಬಂತಾ ತಾಯಿ?" ಎಂದು ಕೂಗುವರು. ಅವಳು ಮೇಲಿನಿಂದ, "ಇನ್ನೊಂದು ಕೂದಲೆಳೆ, ಸಾಬಣ್ಣ," ಎನ್ನುವಳು. ಒಂದು ಗಂಟೆ ಹೀಗೇ ನಡೆಯಿತು. ಕೊನೆಗೆ ಒಳಗಿನಿಂದ ಮಾತೇ ಇಲ್ಲ. ಇಣುಕಿ ನೋಡಿದರೆ, ಅವಳು ಬ್ರೇಕು ಬಿಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕುರ್ಚಿ ಅಲ್ಲಾಡುತ್ತಿರಲಿಲ್ಲ. "ನಿಂತಿದೆ ಅಣ್ಣ," ಎಂದಳು. ಬಂಡಿಯಡಿ ದಿಮ್ಮಿಗಳನ್ನು ಕೊಟ್ಟು ಭದ್ರ ಮಾಡಿ, ಡಬ್ಬಿ ಎತ್ತಿ ತಂಪು ಹೊಯ್ದೆ. ಐದೂವರೆಗೆ ದಿಮ್ಮಿಗಳನ್ನು ಎಳೆದೆವು. ಬಂಡಿ ಮಂಡಿಯೆತ್ತರದಲ್ಲಿ, ನಿಲ್ದಾಣದ ಕಟ್ಟೆಯ ಸಮಕ್ಕೆ, ನೆಟ್ಟಗೆ, ತುಂಬಿದ ಬಟ್ಟಲಿಟ್ಟರೂ ತುಳುಕದಂತೆ ನಿಂತಿತು.

ಸೋಮವಾರ ಬೆಳಿಗ್ಗೆ ರುದ್ರಮುನಿಯವರು ಹಲಗೆಯ ಮೇಲೆ ಹೊಸ ಅಂಕಿ ಬರೆಯುತ್ತಿದ್ದಾಗಲೇ ಒಳಗಿನಿಂದ ಕಿರುಚಾಟ ಕೇಳಿಸಿತು. ಮೊದಲು ಹತ್ತಿದವರು ನಿವೃತ್ತ ಕೋರ್ಟು ಅಮೀನರು ಭೀಮರಾಯರು. ಆರು ವರ್ಷದ ರೂಢಿಯಂತೆ ಮೈಯನ್ನು ಬಲಕ್ಕೆ ಬಾಗಿಸಿ ಕಾಲಿಟ್ಟವರು ಹಾಗೇ ಬಲಕ್ಕೆ ಉರುಳಿದರು. ಅವರ ಹಿಂದಿನವರು ಅವರ ಮೇಲೆ, ಇವರ ಹಿಂದಿನವರು ಇವರ ಮೇಲೆ. ಮೇಲಿನವರೆಲ್ಲ ತಮ್ಮ ತಮ್ಮ ಸೀಟಿನಿಂದ ಕಿಟಕಿಗೆ ಹಣೆ ಬಡಿದುಕೊಂಡರು. ಹೂವಿನ ಬುಟ್ಟಿಗಳು ಸಿಂಬಿಯಿಲ್ಲದ ಕಡೆ ವಾಲಿ ಬಿದ್ದವು. "ಬಂಡಿ ವಾಲಿದೆ! ಬಲಕ್ಕೆ ವಾಲಿದೆ!" ಎಂದು ಭೀಮರಾಯರು ಕೂಗಿದರು. ಇಬ್ಬರಿಗೆ ವಾಂತಿಯಾಯಿತು. ಕೆಳಗಿನವರು ಮಾತ್ರ ತಮ್ಮ ಮಡಿಲು ಖಾಲಿಯಿದ್ದುದನ್ನು ನೋಡಿಕೊಂಡು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

ಈ ಗದ್ದಲದ ನಡುವೆಯೇ ಚಂಪಾ, ನೀಲಿ ಸೀರೆ ಉಟ್ಟು, ಊದಿದ ಮಣಿಕಟ್ಟಿಗೆ ಬಟ್ಟೆ ಸುತ್ತಿ, ಎಡಗೈಯಿಂದಲೂ ಬಲ ಮೊಣಕೈಯಿಂದಲೂ ಚಕ್ರ ತಿರುಗಿಸಿಕೊಂಡು ಬಾಗಿಲಿಗೆ ಬಂದಳು. ಗಂಟೆ ಒಂಬತ್ತೂಕಾಲು. ರುದ್ರಮುನಿಯವರು ಎರಡೂ ಕೈ ಚಾಚಿ ಅಡ್ಡ ನಿಂತರು. ಪಾಪ, ಆ ಹೊತ್ತಿನಲ್ಲಿ ಅವರಿಗೆ ಅರ್ಥವಾಗುವಂಥದ್ದು ಅದೊಂದೇ ಇತ್ತು. "ಚಕ್ರ! ಚಕ್ರಕ್ಕೆ ಅವಕಾಶ ಇಲ್ಲಮ್ಮ."

"ಸಾರ್, ಚಕ್ರ ಯಾಕೆ ಕೂಡದು?"

"ಚಕ್ರ ಅಂದರೆ ನೆಲ ಮುಟ್ಟಿ ಉರುಳೋದು. ಈ ಬಂಡಿ ನೆಲ ಮುಟ್ಟಲ್ಲ. ಅದಕ್ಕೇ."

"ನಿಮ್ಮ ಬಂಡಿ ನೆಲ ಮುಟ್ಟಿದೆಯಾ?"

"ಎರಡು ಸಾವಿರದ ನೂರ ಎಂಟು... ಅಲ್ಲ, ಒಂಬತ್ತು ದಿನದಿಂದ ಮುಟ್ಟಿಲ್ಲ!"

"ಹಾಗಾದರೆ ಅದರೊಳಗೆ ಬಂದ ಮೇಲೆ ನನ್ನ ಚಕ್ರ ನೆಲ ಮುಟ್ಟೋದು ಹೇಗೆ ಸಾರ್? ನಿಮ್ಮ ಜೊತೆ ನಾನೂ ತೇಲ್ತೀನಿ. ಮುಟ್ಟುತ್ತೆ ಅಂತೀರೋ, ನಿಮ್ಮ ಹಲಗೆ ಒರೆಸಿಬಿಡಿ."

ರುದ್ರಮುನಿಯವರು ಹಲಗೆಯನ್ನು ನೋಡಿದರು, ಚಕ್ರವನ್ನು ನೋಡಿದರು. ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. "ಮೇಲಿನ ಕಚೇರಿಗೆ ಬರೆದು ಕೇಳ್ತೀನಿ," ಎಂದರು. "ಕೇಳಿ ಸಾರ್, ಅಷ್ಟರಲ್ಲಿ ನಾನು ಹೋಗಿ ಬಂದಿರ್ತೀನಿ," ಎಂದು ಅವಳು ಒಳಗೆ ಹೋದಳು. ನೂಕುವವರು ನೂಕಿದರು. ಬಂಡಿಯಲ್ಲಿದ್ದವರೆಲ್ಲ ಕಂಬ, ಕಂಬಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತಿದ್ದರು. ಯಾವುದನ್ನೂ ಹಿಡಿಯದೆ ನೆಟ್ಟಗಿದ್ದವಳು ಅವಳೊಬ್ಬಳೇ. ಒಂಬತ್ತು ಐವತ್ತಕ್ಕೆ ಹಾಜರಿ ಪುಸ್ತಕದಲ್ಲಿ ಎಡಗೈಯಲ್ಲಿ ಸಹಿ ಹಾಕಿದಳಂತೆ.

ಆ ವಾರವೇ ಊರಿನವರು ಮನವಿ ಕೊಟ್ಟರು. ನಾನೂರು ಸಹಿ. 'ನಮ್ಮ ಬಂಡಿಯನ್ನು ಮೊದಲಿನಂತೆ ಸಮ ಮಾಡಿಕೊಡಬೇಕು' ಎಂದು ಬರೆದಿದ್ದರು. ರಾಜಧಾನಿಯಿಂದ ಮೂವರ ಸಮಿತಿ ಬರುತ್ತದೆಂದು ತಿಳಿಯಿತು. ಅಷ್ಟರಲ್ಲಿ ಯಾರೋ ನೂಕುವವರ ಮೇಲೆ ಅನುಮಾನ ಹುಟ್ಟಿಸಿದರು, ಅವರು ಜೋರಾಗಿ ನೂಕಿದ್ದಕ್ಕೇ ಹೀಗಾಯಿತೆಂದು. ಬಡಪಾಯಿಗಳು ಅನ್ನ ಬಿಟ್ಟು ಕೂತರು. ನನಗೆ ತಡೆಯಲಾಗಲಿಲ್ಲ. ಮ್ಯಾನೇಜರ ಕೋಣೆಗೆ ಹೋಗಿ, "ಸಾರ್, ಭಾನುವಾರ ಹನ್ನೆರಡಕ್ಕೆ ನಾನು ತಂಪು ಹೊಯ್ಯಲಿಲ್ಲ," ಎಂದೆ.

ಅವರು ಎದ್ದು ಬಾಗಿಲು ಹಾಕಿದರು. "ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ."

"ಇನ್ನೊಂದ್ಸಲ ಹೇಳ್ತೀನಿ ಸಾರ್."

"ಹೇಳಬೇಡ ಗುರುಶಾಂತಪ್ಪ. ನೀನು ಹೇಳಿದರೆ ಬಂಡಿ ನೆಲ ಮುಟ್ಟಿದ ಹಾಗಾಗುತ್ತೆ. ಬಂಡಿ ನೆಲ ಮುಟ್ಟಿಲ್ಲ. ಮುಟ್ಟದೇ ಇದ್ದ ಮೇಲೆ ನೀನು ತಪ್ಪು ಮಾಡಿಲ್ಲ. ಯಾರೂ ತಪ್ಪು ಮಾಡಿಲ್ಲ. ನೂಕುವವರಿಗೂ ಊಟ ಮಾಡೋಕೆ ಹೇಳು." ಕಿಟಕಿಯ ಹತ್ತಿರ ಹೋಗಿ ನಿಂತರು. ಆಮೇಲೆ, ತಿರುಗದೆಯೇ, ಸಣ್ಣ ದನಿಯಲ್ಲಿ ಕೇಳಿದರು: "ಇಳಿಯುವಾಗ... ಪೆಟ್ಟೇನೂ ಆಗಲಿಲ್ಲ ತಾನೇ ಅದಕ್ಕೆ?"

"ಇಲ್ಲ ಸಾರ್. ಮೆಲ್ಲಗೆ ಕೂತ್ಕೊಂಡಿತು."

ಅವರು ತಲೆಯಾಡಿಸಿದರು. ಅವತ್ತಿನವರೆಗೆ ನಾನು ಅವರನ್ನು ಬರೀ ಅಂಕಿಯ ಮನುಷ್ಯ ಎಂದುಕೊಂಡಿದ್ದೆ.

ಸಮಿತಿ ಬಂದು ರಸಮಟ್ಟ ಇಟ್ಟು ನೋಡಿತು. ಗುಳ್ಳೆ ನಡುವಿನಲ್ಲಿತ್ತು. ಹಲಗೆ ನೋಡಿತು. ಬಂಡಿ ನೆಲ ಮುಟ್ಟಿಲ್ಲವೆಂದು ಬರೆದಿತ್ತು. ನೆಲ ಮುಟ್ಟದೆ ಬಂಡಿಯ ಭಂಗಿ ಬದಲಾಗುವುದು ಶಾಸ್ತ್ರದ ಪ್ರಕಾರ ಅಸಾಧ್ಯವಾದ್ದರಿಂದ ಬಂಡಿ ಮೊದಲಿನಿಂದಲೂ ಸಮವಾಗಿಯೇ ಇತ್ತೆಂದು ಮೂವರೂ ಒಮ್ಮತದಿಂದ ತೀರ್ಮಾನಿಸಿದರು. ವಾಲಿದ್ದು ಪ್ರಯಾಣಿಕರು. ಊರಿನವರ ಮೈ ಬಲಕ್ಕೆ ಬಾಗಿರುವುದು ವಿಷಾದನೀಯ. ಅದನ್ನು ತಿದ್ದಲು ದಿನಾ ಬೆಳಿಗ್ಗೆ ನಿಲ್ದಾಣದಲ್ಲಿ ಹತ್ತು ನಿಮಿಷ ನೆಟ್ಟಗೆ ನಿಲ್ಲುವ ತರಬೇತಿ ನಡೆಸತಕ್ಕದ್ದು. ಚಕ್ರದ ವಿಷಯದಲ್ಲಿ, ನೆಲ ಮುಟ್ಟದ ಚಕ್ರಗಳಿಗೆ ವಿನಾಯಿತಿ.

ತರಬೇತಿಯ ಮುಂದಾಳು ಭೀಮರಾಯರೇ ಆದರು. ಮೂರು ತಿಂಗಳಲ್ಲಿ ಊರು ನೆಟ್ಟಗಾಯಿತು. ಬಂಡಿ ಒಂದು ಕಾಲಕ್ಕೆ ವಾಲಿತ್ತು ಎಂದು ನಾನು ಹೋಟೆಲಿನಲ್ಲಿ ಬಾಯಿ ತಪ್ಪಿ ಆಡಿದರೆ, "ಎಲ್ಲಿ ವಾಲಿತ್ತು ಸ್ವಾಮಿ? ನಾವೇನು ಓಡಾಡಿಲ್ವಾ ಅದರಲ್ಲಿ?" ಎಂದು ನನ್ನ ಮೇಲೇ ಬರುತ್ತಾರೆ. ದಸ್ತಗೀರ್ ಸಾಬರು ಮಾತ್ರ ನಾನು ಕಂಡಾಗಲೆಲ್ಲ ಕಣ್ಣು ಮಿಟುಕಿಸುತ್ತಾರೆ.

ಚಂಪಾಳಿಗೆ ಮಳೆಗಾಲದ ಹೊತ್ತಿಗೆ ಆಸ್ಪತ್ರೆಯ ಆವರಣದಲ್ಲೇ ಕ್ವಾರ್ಟರ್ಸ್ ಸಿಕ್ಕಿತು. ಮೊದಲನೆಯ ವಾರ ನಾನು ಸಂಜೆ ಮನೆಗೆ ಬಂದು ಅವಳನ್ನು ಕೂಗಿ, ಆಮೇಲೆ ನೆನಪಾಗಿ, ಒಬ್ಬನೇ ಅನ್ನಕ್ಕೆ ಇಟ್ಟೆ. ಒಂದು ಗುರುವಾರ ರಜೆ ಹಾಕಿ, ಅವಳಿಗೆ ಇಷ್ಟವೆಂದು ಹುರಿಗಾಳು ಮಾಡಿಸಿಕೊಂಡು ಬಂಡಿ ಹತ್ತಿ ಹೋದೆ. ಔಷಧಿ ಕಿಟಕಿಯ ಮುಂದೆ ಉದ್ದ ಸಾಲಿತ್ತು. ನಾನು ಪಕ್ಕದಿಂದ ಹೋಗಿ ಕಂಬಿಯ ನಡುವೆ ಪೊಟ್ಟಣ ತೂರಿಸಿ, "ಚಂಪಾ," ಎಂದೆ. ಅವಳು ಚೀಟಿಯಿಂದ ತಲೆಯೆತ್ತಲಿಲ್ಲ.

"ಸಾಲಲ್ಲಿ ಬನ್ನಿ," ಎಂದಳು.

"ನಾನು ಕಣೇ."

ತಲೆಯೆತ್ತಿದಳು. ಕನ್ನಡಕ ಹಾಕಿಕೊಂಡಿದ್ದಳು, ನನಗೆ ಅದೂ ಹೊಸದು. ತುಟಿಯ ಅಂಚಿನಲ್ಲಿ ನಗು ಬಂತು, ಆದರೆ ದನಿ ಬದಲಾಗಲಿಲ್ಲ. "ಗೊತ್ತಾಯ್ತು. ಇವರೆಲ್ಲ ಬೆಳಿಗ್ಗೆಯಿಂದ ನಿಂತಿದ್ದಾರೆ. ಸಾಲಲ್ಲಿ ಬಾ."

ಹೋಗಿ ಎಲ್ಲರ ಹಿಂದೆ ನಿಂತೆ. ನನ್ನ ಮುಂದೆ ಹದಿನೇಳು ಜನರಿದ್ದರು. ಮುಂದಿದ್ದ ಮುದುಕಿ ತಿರುಗಿ, "ಭಾರಿ ಖಡಕ್ಕು ಈಯಮ್ಮ. ನಿಮ್ಮ ಪರಿಚಯದೋರಾ?" ಎಂದು ಕೇಳಿದಳು.

"ಹೌದು ತಾಯಿ," ಎಂದೆ. "ನನ್ನ ತಂಗಿ."